ಸಹಾಯ ಬೇಕು: ಈ ಹೆಣೆದ ಚರ್ಮದ ಚಪ್ಪಲಿಗೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಬೇಸಿಗೆ ಶುರುವಾದಾಗಿನಿಂದ ರಸ್ತೆಯಲ್ಲಿ ಓಡಾಡುವವರ ಕಾಲುಗಳ ಮೇಲೇ ನನ್ನ ಕಣ್ಣು. ಎಸ್ಪಡ್ರಿಲ್ ತುಂಬಾ ಕಾಣಿಸ್ತಿವೆ: ಸೆಣಬಿನ ಹುರಿ ಸುತ್ತಿ ಹೊಲಿದ ಅಟ್ಟೆ, ಮೇಲೆ ಕ್ಯಾನ್ವಾಸ್. ಸ್ಪೇನ್-ಫ್ರಾನ್ಸ್ ಗಡಿಯ ಪಿರನೀಸ್ ಕಡೆ ದುಡಿಯುವ ಜನ ಹಾಕುತ್ತಿದ್ದದ್ದು. 1970ರ ದಶಕದಲ್ಲಿ ಫ್ರೆಂಚ್ ಫ್ಯಾಷನ್ ಡಿಸೈನರ್ ಈವ್ ಸಾಂ ಲೊರಾಂ ಅದಕ್ಕೆ ಎತ್ತರದ ವೆಡ್ಜ್ ಹೀಲ್ (ಅಟ್ಟೆಯೇ ಹಿಮ್ಮಡಿ ಕಡೆಗೆ ದಪ್ಪವಾಗುತ್ತಾ ಹೋಗುವ ಹೀಲ್) ಕೊಡಿಸಿದರು. ನೋಡೋಕೆ ಚೆಂದ, ಆದರೆ ಒದ್ದೆಯಾದರೆ ಸೆಣಬು ಹಾಳಾಗುತ್ತೆ. ನನಗೆ ಬೇಡ.

ಮನಸ್ಸಿಗೆ ಹಿಡಿಸಿದ್ದು ಬೇರೆ. ಸಿಗ್ನಲ್ ಹತ್ತಿರ ಒಬ್ಬರ ಕಾಲಲ್ಲಿ ನೋಡಿದೆ. ಕಂದು ಚರ್ಮದ ಸಣ್ಣ ಪಟ್ಟಿಗಳನ್ನು ಚಾಪೆ ಹಾಗೆ ಹೆಣೆದಿದ್ದಾರೆ, ಬೆರಳು ಪೂರ್ತಿ ಮುಚ್ಚಿದೆ, ಹಿಮ್ಮಡಿ ಹಿಂದೆ ಒಂದೇ ಪಟ್ಟಿ, ಪಕ್ಕದಲ್ಲಿ ಪುಟ್ಟ ಬಕಲ್. ಎಷ್ಟು ಅಚ್ಚುಕಟ್ಟಾಗಿತ್ತು ಅಂದ್ರೆ! ಮೆಕ್ಸಿಕೋದ ಹೆಣೆದ ಚರ್ಮದ ಚಪ್ಪಲಿ ಹುವರಾಚೆ ಇರಬಹುದಾ, ಇಲ್ಲಾ ಬೆರಳು ಮುಚ್ಚುವ ಪಟ್ಟಿಗಳ ಫಿಶರ್‌ಮನ್ ಸ್ಯಾಂಡಲ್ಲಾ? ಫಿಶರ್‌ಮನ್‌ನಲ್ಲಿ ಮಧ್ಯೆ ಉದ್ದಕ್ಕೆ ಒಂದು ಪಟ್ಟಿ ಇರುತ್ತಲ್ಲ, ಇದರಲ್ಲಿ ಅದು ಕಾಣಲಿಲ್ಲ. ಅವರನ್ನೇ ಕೇಳೋಣ ಅನ್ನುವಷ್ಟರಲ್ಲಿ ರಸ್ತೆ ದಾಟಿ ಹೋದರು.

ಗೊತ್ತಿರುವವರು ದಯವಿಟ್ಟು ಹೆಸರು ಹೇಳಿ, ನಿಮ್ಮ ಹತ್ತಿರ ಇದ್ದರೆ ಫೋಟೋ ಹಾಕಿ. ಅಗಲ ಪಾದದವರು ಯಾರಾದರೂ ಇಂಥದ್ದು ಹಾಕಿದ್ದೀರಾ? ಚರ್ಮದ ಹೆಣಿಗೆ ಹಾಕ್ತಾ ಹಾಕ್ತಾ ಸಡಿಲವಾಗುತ್ತಲ್ಲ, ಹಾಗಾದರೆ ಮೊದಲಿಗೆ ಸ್ವಲ್ಪ ಬಿಗಿಯಾಗಿರೋದನ್ನೇ ತಗೋಬೇಕಾ? ಸಾಕ್ಸ್ ಇಲ್ಲದೆ ಹಾಕಿದರೆ ಕಿರುಬೆರಳ ಹತ್ತಿರ ಉಜ್ಜುತ್ತಾ ಅನ್ನೋದನ್ನೂ ತಿಳಿಸಿ.