ಸಹಾಯ ಬೇಕು: ನಡಿಗೆ ವಿಡಿಯೋದಲ್ಲಿ ಹಿಪ್ (ತೊಡೆ ಸೊಂಟಕ್ಕೆ ಸೇರುವ ಕೀಲು) ಕೋನಕ್ಕೆ ಸೊನ್ನೆ ಎಲ್ಲಿ ಇಡಬೇಕು?

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಫಿಸಿಯೋಥೆರಪಿಸ್ಟ್. ಜೀನ್ಸ್ ಹೊಲಿಯುವ ಒಬ್ಬರು ನನ್ನ ಹತ್ತಿರ ಬರುತ್ತಿದ್ದಾರೆ, ದಿನವಿಡೀ ಮಷಿನ್ ಮುಂದೆ ಕೂತು ಮಾಡುವ ಕೆಲಸ. ಥಾಮಸ್ ಟೆಸ್ಟ್ (ಅಂಗಾತ ಮಲಗಿ ಇನ್ನೊಂದು ಮಂಡಿಯನ್ನು ಎದೆಗೆ ಅಪ್ಪಿಕೊಂಡು, ಹಿಪ್ಪಿನ ಮುಂಭಾಗದ ಸ್ನಾಯು ಬಿಗಿಯಾಗಿದೆಯಾ ಅಂತ ನೋಡುವ ಪರೀಕ್ಷೆ) ಮಾಡಿದರೆ ಬಲ ತೊಡೆ ಮಂಚಕ್ಕೆ ತಾಗುವುದೇ ಇಲ್ಲ. ಆದರೆ ನಡಿಗೆಯ ವಿಡಿಯೋದಲ್ಲಿ ಕಾಲು ಚೆನ್ನಾಗಿಯೇ ಹಿಂದೆ ಹೋಗುತ್ತದೆ!

ಮೊಬೈಲನ್ನು ಸೊಂಟದ ಎತ್ತರಕ್ಕೆ, ನೇರ ಪಕ್ಕದಿಂದ ಇಟ್ಟು ಶೂಟ್ ಮಾಡಿ, ವಿಡಿಯೋದಲ್ಲಿ ಕೋನ ಅಳೆಯುವ ಕಿನೋವಿಯಾ ಸಾಫ್ಟ್‌ವೇರಿನಲ್ಲಿ ಅಳೆದೆ. ಲಂಬ ಗೆರೆಗೆ ಹೋಲಿಸಿದರೆ ತೊಡೆ ಸುಮಾರು 20 ಡಿಗ್ರಿ ಹಿಂದೆ. ಆರೋಗ್ಯವಂತರಲ್ಲೂ ಅಷ್ಟೇ ಇರುತ್ತದೆ, ಆದರೆ ಅದರಲ್ಲಿ ಹಿಪ್ಪಿನ ಪಾಲು ಸುಮಾರು 10, ಉಳಿದದ್ದು ಪೆಲ್ವಿಸ್‌ದು (ಸೊಂಟದ ಮೂಳೆಗೂಡಿನದು) ಅಲ್ವಾ? ಹಾಗಾಗಿ ಎಎಸ್‌ಐಎಸ್ (ಪೆಲ್ವಿಸ್ ಮುಂದಿನ ಮೂಳೆ ತುದಿ), ಪಿಎಸ್‌ಐಎಸ್ (ಹಿಂದಿನ ಮೂಳೆ ತುದಿ) ಮೇಲೂ ಸ್ಟಿಕ್ಕರ್ ಹಚ್ಚಿ ಪೆಲ್ವಿಸ್‌ಗೆ ಹೋಲಿಸಿ ಅಳೆದೆ. ಕೈ ಬೀಸುವಾಗ ಮುಂದಿನ ಸ್ಟಿಕ್ಕರ್ ಮರೆಯಾಗುತ್ತದೆ. ಕೈ ಕಟ್ಟಿಕೊಂಡು ನಡೆಯಿರಿ ಅಂದರೆ ನಡಿಗೆಯೇ ಬದಲಾಗುತ್ತದೆ. ಹೇಗೋ ಸಿಕ್ಕ ಫ್ರೇಮ್‌ಗಳಲ್ಲಿ ಹಿಪ್ ಹಿಂದಕ್ಕೆ ಸೊನ್ನೆಯನ್ನೂ ದಾಟುತ್ತಿಲ್ಲ. ಇದು ಥಾಮಸ್ ಟೆಸ್ಟ್‌ಗೆ ಹೊಂದುತ್ತದೆ.

ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲಿ. ಇವರು ಸುಮ್ನೆ ನಿಂತಾಗಲೇ ಪೆಲ್ವಿಸ್ ಮುಂದೆ ಬಾಗಿರುತ್ತದೆ. ನಿಂತ ಭಂಗಿಯನ್ನೇ ಸೊನ್ನೆ ಅಂತ ಹಿಡಿದರೆ ಬಿಗಿತ ಲೆಕ್ಕದಿಂದಲೇ ಮಾಯ. ಎಎಸ್‌ಐಎಸ್-ಪಿಎಸ್‌ಐಎಸ್ ಗೆರೆಗೆ ಲಂಬವಾದದ್ದನ್ನು ಸೊನ್ನೆ ಮಾಡಿದರೆ, ಆ ಗೆರೆ ಆರೋಗ್ಯವಂತರಲ್ಲೂ ಸ್ವಲ್ಪ ಮುಂದೆ ಬಾಗಿರುವುದರಿಂದ ಅವರ ಹಿಪ್ಪೂ ಮಡಚಿದ ಹಾಗೆ ಬರುತ್ತದೆ. ಹಲವು ಕ್ಯಾಮೆರಾಗಳಿಂದ ಚಲನೆ ಅಳೆಯುವ ಮೋಷನ್ ಲ್ಯಾಬ್ ನನ್ನ ಕೈಗೆ ಎಟುಕುವಂಥದ್ದಲ್ಲ. ಇವರಿಗೆ ಸ್ಟ್ರೆಚಿಂಗ್ ನಿಜಕ್ಕೂ ಕೆಲಸ ಮಾಡುತ್ತಿದೆಯಾ ಅಂತ ನನಗೆ ಖಚಿತವಾಗಿ ಗೊತ್ತಾಗಬೇಕು.

ಒಂದೇ ಕ್ಯಾಮೆರಾದಲ್ಲಿ ಅಳೆಯುವವರು ಹೇಳಿ: ನೀವು ಸೊನ್ನೆಯನ್ನು ಯಾವುದಕ್ಕೆ ಇಡುತ್ತೀರಿ? ಚಿಕಿತ್ಸೆಗೆ ಮುಂಚೆ ಮತ್ತು ಆಮೇಲೆ ಹೋಲಿಸಲು ರಿಪೋರ್ಟಿನಲ್ಲಿ ಯಾವ ಕೋನ ಬರೆಯಬೇಕು, ಲಂಬ ಗೆರೆಯದ್ದಾ, ಪೆಲ್ವಿಸ್‌ದಾ?