ಹಳೆಯ ಪೋಲೋ ಜಿಟಿ, ಬಲೇನೋ ಆರ್‌ಎಸ್ ಕಾರು ತಗೊಳ್ಳೋರಿಗೆ: ತುಮಕೂರಿನ ಅಂತರಸನಹಳ್ಳಿ ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಗುಬ್ಬಿ: ನಮಸ್ಕಾರ ಅಣ್ಣಾ. ಬಲೇನೋ ಆರ್‌ಎಸ್, 2018, ಒಬ್ಬರೇ ಓನರ್. ತಗೊಳ್ಳಬಹುದಾ?

ಮೆಕ್ಯಾನಿಕ್: ನಮಸ್ಕಾರ. ಮಾಡೆಲ್ ಒಳ್ಳೆಯದೇ. 1 ಲೀಟರ್ ಟರ್ಬೊ, 102 ಪಿಎಸ್, ಮ್ಯಾನುಯಲ್ ಗೇರ್, ನಾಲ್ಕೂ ಚಕ್ರಕ್ಕೆ ಡಿಸ್ಕ್. ಆದರೆ ಇಂಥ ಗಾಡಿಯಲ್ಲಿ ಮಾಡೆಲ್‌ಗಿಂತ ಓಡಿಸಿದವನು ಯಾರು ಅನ್ನೋದೇ ಮುಖ್ಯ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ನೀಲಿ ಹೊಗೆ ಬಂದರೆ ಬಿಟ್ಟುಬಿಡಿ.

ಮಧುಗಿರಿ: ಅಣ್ಣಾ, ಟಾಟಾದ ಸ್ಪೋರ್ಟ್ಸ್ ಮಾಡೆಲ್ ಟಿಯಾಗೊ ಜೆಟಿಪಿ ನೋಡಿದ್ದೇನೆ. 2020ರಲ್ಲೇ ನಿಂತುಹೋದ ಗಾಡಿ. ಸ್ಪೇರ್ ಸಿಗುತ್ತದಾ?

ಕುಣಿಗಲ್: ಸರ್, ಪೋಲೋ ಜಿಟಿ ಟಿಎಸ್‌ಐ ಆಟೊಮ್ಯಾಟಿಕ್, 2016, ಕೆಎ-53, ಬೆಂಗಳೂರು ನಂಬರ್. ಮಾರ್ಕೆಟ್‌ಗಿಂತ ಒಂದು ಲಕ್ಷ ಕಡಿಮೆ ಹೇಳುತ್ತಿದ್ದಾರೆ. ಸರ್ವಿಸ್ ಪುಸ್ತಕದಲ್ಲಿ 2022 ಜುಲೈ ಆದಮೇಲೆ 2023 ಏಪ್ರಿಲ್. ಮಧ್ಯೆ ಏನೂ ಇಲ್ಲ. ಸೀಟ್ ಕವರ್, ಮ್ಯಾಟ್ ಎಲ್ಲಾ ಹೊಸದು. ಎಸಿ ಹಾಕಿದರೆ ಏನೋ ಮುಗ್ಗಲು ವಾಸನೆ. 10,000 ಟೋಕನ್ ಕೊಟ್ಟಿದ್ದೇನೆ.

ಮೆಕ್ಯಾನಿಕ್: ಉಳಿದ ದುಡ್ಡು ಸದ್ಯಕ್ಕೆ ಕೊಡಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರು ಮುಳುಗಿದ್ದು ನೆನಪಿದೆ ತಾನೇ? ನಿಮ್ಮ ಗಾಡಿಯ ಪುಸ್ತಕ ಖಾಲಿ ಇರುವುದೂ ಅದೇ ಹೊತ್ತಿಗೆ. ಮುಳುಗಿದ್ದೇ ಅಂತ ಹೇಳುತ್ತಿಲ್ಲ. ನೋಡದೆ ತಗೊಳ್ಳಬೇಡಿ ಅಂತಿದ್ದೇನೆ.

ನಾಲ್ಕೂ ಸೀಟ್ ಬೆಲ್ಟ್ ಕೊನೆಯವರೆಗೆ ಎಳೆಯಿರಿ. ಹೊರಗೆ ಕಾಣುವ ಭಾಗವನ್ನು ತೊಳೆದಿರುತ್ತಾರೆ, ಒಳಗೆ ಸುತ್ತಿಕೊಂಡಿರುವ ಆ ಕೊನೆಯ ಒಂದು ಗೇಣು ಯಾರೂ ತೊಳೆಯಲ್ಲ. ಅಲ್ಲಿ ಕೆಸರಿನ ಗೆರೆ ಇದ್ದರೆ ಮುಗಿಯಿತು. ಆಮೇಲೆ ಸ್ಟೆಪ್ನಿ ತೆಗೆದು ಅದರ ಗುಂಡಿಗೆ ಕೈ ಹಾಕಿ, ಮೂಲೆಯಲ್ಲಿ ಸಣ್ಣ ಮಣ್ಣು ಸಿಗುತ್ತದಾ ನೋಡಿ. ಸೀಟಿನ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದೆಯಾ? ಸ್ಟೇರಿಂಗ್ ಕೆಳಗೆ ಟಾರ್ಚ್ ಬಿಡಿ, ವೈರ್ ಕನೆಕ್ಟರ್ ಪಿನ್ ಹಸಿರುಗಟ್ಟಿದೆಯಾ?

ನನ್ನ ಭಯ ಏರ್‌ಬ್ಯಾಗ್‌ದು. ಅದರ ಕಂಟ್ರೋಲ್ ಯೂನಿಟ್ ಇರುವುದೇ ಕೆಳಗೆ, ಮಧ್ಯದ ಕನ್ಸೋಲ್ ಅಡಿಯಲ್ಲಿ. ಅದಕ್ಕೆ ನೀರು ಹೊಕ್ಕಿದ್ದರೆ ಗುದ್ದಿದ ದಿನ ಬ್ಯಾಗ್ ಬಿಚ್ಚುತ್ತದೆ ಅಂತ ಯಾರು ಹೇಳುತ್ತಾರೆ? ನೀರಲ್ಲಿ ನಿಂತಿದ್ದಾಗ ಯಾರಾದರೂ ಸ್ಟಾರ್ಟ್ ಮಾಡಿದ್ದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿರಬಹುದು. ಅಂಥ ಎಂಜಿನ್ ಆರು ತಿಂಗಳು ಸುಮ್ನೆ ಓಡಿ, ಒಂದು ದಿನ ಆ ರಾಡ್ ಎಂಜಿನ್ ಬ್ಲಾಕ್ ಒಡೆದುಕೊಂಡು ಹೊರಗೆ ಬರುತ್ತದೆ.

ಗೇರ್‌ಬಾಕ್ಸ್ ಬೇರೆ ಕಥೆ. ಇದು 7 ಸ್ಪೀಡ್ ಡಿಎಸ್‌ಜಿ, ಅಂದರೆ ಎರಡು ಕ್ಲಚ್‌ನ ಆಟೊಮ್ಯಾಟಿಕ್. ಡ್ರೈ ಕ್ಲಚ್, ಎಣ್ಣೆಯಲ್ಲಿ ಮುಳುಗಿರಲ್ಲ. ಇದರಲ್ಲಿ ಗೇರ್ ಬದಲಿಸುವ ಮೆಕಾಟ್ರಾನಿಕ್ ಯೂನಿಟ್ ಕೈಕೊಡುವುದು ಹೊಸ ಸುದ್ದಿ ಅಲ್ಲ. ದೇವರಾಯನದುರ್ಗದ ಏರಿಗೆ ಹೋಗಿ, ಬಿಸಿಯಾದ ಮೇಲೆ ಏರಿನಲ್ಲೇ ನಿಲ್ಲಿಸಿ, ನಿಧಾನವಾಗಿ ಬಿಡಿ. ಒಂದರಿಂದ ಎರಡಕ್ಕೆ ಹೋಗುವಾಗ ನಡುಗಿದರೆ, ಮೀಟರ್‌ನಲ್ಲಿ ಗೇರ್ ಅಕ್ಷರ ಮಿನುಗಿದರೆ, ಗಾಡಿ ಅಲ್ಲೇ ವಾಪಸ್ ಕೊಡಿ. 2020ರ ಮೇಲಿನ 1.0 ಟಿಎಸ್‌ಐ ಪೋಲೋದಲ್ಲಿ ಈ ಡಿಎಸ್‌ಜಿ ಇಲ್ಲ.

ತಿಪಟೂರು: ಡಿಎಸ್‌ಜಿ ನಡುಗಿದರೆ ಬ್ಯಾಟರಿ ಟರ್ಮಿನಲ್ ಅರ್ಧ ಗಂಟೆ ಬಿಚ್ಚಿಡಿ, ತಾನೇ ರೀಸೆಟ್ ಆಗುತ್ತದೆ. ಪೆಟ್ರೋಲ್ ಟ್ಯಾಂಕ್‌ಗೆ ಎರಡು ನುಸಿಗುಳಿಗೆ ಹಾಕಿದರೆ ಪಿಕಪ್ ಜಾಸ್ತಿ. ವಾಟ್ಸಾಪ್‌ನಲ್ಲಿ ಬಂದಿದ್ದು, ಎಲ್ಲರಿಗೂ ಉಪಯೋಗ ಆಗಲಿ.

ಮೆಕ್ಯಾನಿಕ್: ಯಾರಿಗೂ ಉಪಯೋಗ ಆಗಲ್ಲ ಸ್ವಾಮಿ. ಬೀರುವಿಗೆ ಹಾಕುವ ಗುಳಿಗೆ ಬೀರುವಿನಲ್ಲೇ ಇರಲಿ. ಬ್ಯಾಟರಿ ಬಿಚ್ಚಿ ವಾರ್ನಿಂಗ್ ಲೈಟ್ ಆರಿಸುವುದು ಮಾರುವವರ ಆಟ. ಸ್ಕ್ಯಾನರ್ ಹಾಕಿದಾಗ ಗಾಡಿ ತಾನೇ ಮಾಡಿಕೊಳ್ಳುವ ಎಮಿಷನ್ ಪರೀಕ್ಷೆಗಳು 'ಇನ್ನೂ ಮುಗಿದಿಲ್ಲ' ಅಂತ ತೋರಿಸಿದರೆ, ದೋಷದ ಕೋಡ್ ಈಗಷ್ಟೇ ಅಳಿಸಿದ್ದಾರೆ ಅಂತ ಅನುಮಾನಪಡಿ.

ಸಿರಾ: ಇಷ್ಟೆಲ್ಲಾ ತಲೆನೋವು ಯಾಕೆ? ಮಾರುತಿ ತಗೊಳ್ಳಿ. ಪೋಲೋ ಅಂದರೆ ಸುಮ್ನೆ ಬಿಲ್ಡಪ್.

ಬಟವಾಡಿ: ಬಿಲ್ಡಪ್ ಅಲ್ಲ ಗುರು, ಬಿಲ್ಡ್ ಕ್ವಾಲಿಟಿ. 2014ರಲ್ಲೇ ಗ್ಲೋಬಲ್ ಎನ್‌ಕ್ಯಾಪ್ ಕ್ರ್ಯಾಶ್ ಟೆಸ್ಟ್‌ನಲ್ಲಿ 4 ಸ್ಟಾರ್. ನಿನ್ನ ತಗಡು ಡಬ್ಬಕ್ಕೆ ಎಷ್ಟು?

ಸಿರಾ: ಸ್ಟಾರ್ ಇಟ್ಟುಕೊಂಡು ವರ್ಷದಲ್ಲಿ ನಾಲ್ಕು ತಿಂಗಳು ಗ್ಯಾರೇಜಿನಲ್ಲೇ ಇರು. ನಮ್ಮ ಡಬ್ಬ ರೋಡಲ್ಲಿ ಇರುತ್ತದೆ.

ಬಟವಾಡಿ: ಕ್ಯಾತ್ಸಂದ್ರ ಟೋಲ್ ದಾಟಿದ ಮೇಲೆ ನನ್ನ ಹಿಂದೆ ಬಾ, ನೋಡೋಣ.

ಮೆಕ್ಯಾನಿಕ್: ರೇಸು ಗೀಸು ಬೇರೆ ಕಡೆ ಇಟ್ಟುಕೊಳ್ಳಿ. ಅಂಥ ಗಾಡಿಗಳೇ ಆಮೇಲೆ 'ಒಬ್ಬರೇ ಓನರ್, ಡಾಕ್ಟರ್ ಗಾಡಿ' ಅಂತ ಮಾರಾಟಕ್ಕೆ ಬರುವುದು.

ಕೊರಟಗೆರೆ: ಬಲೇನೋ ಆರ್‌ಎಸ್ ಹೇಗೆ ಅಣ್ಣಾ?

ಮೆಕ್ಯಾನಿಕ್: ಮೇಲೆ ಓದಿ.

ಪಾವಗಡ: ಆರ್‌ಸಿಯಲ್ಲಿ ಇನ್ನೂ ಬ್ಯಾಂಕ್ ಹೆಸರಿದೆ. ಸಾಲ ತೀರಿದೆ ಅಂತಾರೆ.

ಮೆಕ್ಯಾನಿಕ್: ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸುವ ಫಾರಂ 35 ಕೈಗೆ ಬರಲಿ. ಓನರ್ ಹೆಸರು ಬದಲಿಸುವ ಫಾರಂ 29, 30 ಆಮೇಲೆ. ಪವರ್ ಜಾಸ್ತಿ ಮಾಡಲು ಎಂಜಿನ್ ಸಾಫ್ಟ್‌ವೇರ್ ಬದಲಿಸಿ ರೀಮ್ಯಾಪ್ ಮಾಡಿಸಿದ್ದಾರಾ ಅಂತಲೂ ಕೇಳಿ. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಮಾಡಿಸಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು.

ಮಧುಗಿರಿ: ಅಣ್ಣಾ, ನನ್ನ ಜೆಟಿಪಿ ಪ್ರಶ್ನೆ?

ಸಿರಾ: ಅದೂ ತಗೊಳ್ಳಬೇಡಿ ಮೇಡಂ.

ಮಧುಗಿರಿ: ನಿಮ್ಮನ್ನು ಯಾರು ಕೇಳಿದರು?

ಕುಣಿಗಲ್: ಸರ್, ಈಗ ಹೋಗಿ ನೋಡಿದೆ. ಹಿಂದಿನ ಎಡಗಡೆ ಬೆಲ್ಟ್‌ನಲ್ಲಿ ಕಂದು ಗೆರೆ ಇದೆ. ಕಾಫಿ ಚೆಲ್ಲಿದ್ದು ಅಂತಾರೆ ಮಾರುವವರು. ಟೋಕನ್ ವಾಪಸ್ ಕೊಡಲ್ಲವಂತೆ.

ಮೆಕ್ಯಾನಿಕ್: ಕಾಫಿ ಬೆಲ್ಟ್ ಸುರುಳಿಯ ಒಳಗೆ ಹೋಗಿ ಕೂತಿತಾ? 10,000 ಹೋದರೆ ಹೋಗಲಿ, ಎದ್ದು ಬನ್ನಿ. ಬೆಲ್ಟ್‌ನ ಫೋಟೋ ಇಟ್ಟುಕೊಳ್ಳಿ, ದುಡ್ಡು ಕೇಳಲು ಬೇಕಾಗುತ್ತದೆ.

ತುರುವೇಕೆರೆ: ಅಣ್ಣಾ, ಬಲೇನೋ ಆರ್‌ಎಸ್ ತಗೊಳ್ಳಬಹುದಾ?