ತುರ್ತು: ಪಿಟ್ಯುಟರಿ ‘ಎನ್‌ಲಾರ್ಜ್’ ಆಗೋದಕ್ಕೆ ಏನಂತೀರಿ?

ತುಮಕೂರಿನಿಂದ:
ಗೆಳೆಯರೇ, ಮಿದುಳಿನ ಬುಡದಲ್ಲಿದ್ದು ಹಾರ್ಮೋನ್ ಸುರಿಸುವ ಪಿಟ್ಯುಟರಿ ಗ್ರಂಥಿಯ ಬಗ್ಗೆ, ಇಲ್ಲಿನ ಒಂದು ಕ್ಲಿನಿಕ್‌ಗಾಗಿ ರೋಗಿಗಳ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ತಲೆಬರಹದಲ್ಲೇ ಸಿಕ್ಕಿಬಿದ್ದಿದ್ದೇನೆ. ‘ಊತ’ ಅಂದರೆ ಬಾವು ಬಂದ ಹಾಗೆ ಕೇಳಿಸುತ್ತೆ. ‘ಹಿಗ್ಗಿದೆ’ ಅಂದರೆ ಗ್ರಂಥಿಗೆ ಖುಷಿಯಾದ ಹಾಗಿದೆ. ‘ಗೆಡ್ಡೆ’ ನಡೆಯುತ್ತಾ? ಪೀಯೂಷ ಗ್ರಂಥಿ ಅನ್ನಲಾ, ಪಿಟ್ಯುಟರಿ ಅನ್ನಲಾ?

ಕೋಲಾರದಿಂದ:
ಪೀಯೂಷ ಬೇಡವೇ ಬೇಡ. ನಿಘಂಟು ತೆಗೆದು ನೋಡಿ. ಅಮೃತ ಒಂದರ್ಥ, ಈಗಷ್ಟೇ ಕರು ಹಾಕಿದ ಹಸುವಿನ ಹಾಲು ಇನ್ನೊಂದು. ಅಂದರೆ ಗಿಣ್ಣು! ಪಿಟ್ಯುಟರಿಯ ಮೂಲವೂ ಅಷ್ಟಕ್ಕಷ್ಟೇ. ಲ್ಯಾಟಿನ್‌ನಲ್ಲಿ ಅದು ಕಫ, ಸಿಂಬಳ. ಮಿದುಳಿನ ಕಫ ಇದರ ಮೂಲಕ ಮೂಗಿಗೆ ಇಳಿಯುತ್ತೆ ಅಂತ ಹಳಬರು ನಂಬಿದ್ದರು. ಸದ್ದು ಹತ್ತಿರ ಬಂತು ಅಂತ ಪೀಯೂಷ ಅಂಟಿಸಿದ್ದಾರೆ ಅಂತ ನನ್ನ ಗುಮಾನಿ. ‘ಒಸರುಗಂಟು’ ಅನ್ನಿ. ಗ್ರಂಥಿ ಅಂದರೂ ಗಂಟೇ ತಾನೇ?

ಚಿಂತಾಮಣಿಯಿಂದ:
ಗಂಟು ಅಂತ ಬರೆದರೆ ಓದಿದವರು ಕ್ಯಾನ್ಸರ್ ಅಂತಲೇ ಹೆದರುತ್ತಾರೆ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವನು, ದಿನಾ ನೋಡುತ್ತೇನೆ. ಗೆಡ್ಡೆಯೂ ಎಲ್ಲ ಕಡೆ ಸಲ್ಲುವುದಿಲ್ಲ. ಬಟಾಣಿ ಗಾತ್ರದ ಈ ಗ್ರಂಥಿ ಬಸುರಿಯರಲ್ಲಿ ತಾನಾಗಿಯೇ ದೊಡ್ಡದಾಗುತ್ತೆ. ಥೈರಾಯ್ಡ್ ತೀರಾ ಕಡಿಮೆಯಿದ್ದು ಬಹಳ ದಿನ ಹಾಗೇ ಬಿಟ್ಟರೂ ಆಗಬಹುದು. ಆಗ ಥೈರಾಯ್ಡ್ ಮಾತ್ರೆಗೇ ಸಾಮಾನ್ಯವಾಗಿ ಇಳಿಯುತ್ತೆ. ಅಡಿನೋಮ ಆದರೆ ಅದು ಗೆಡ್ಡೆ, ಒಪ್ಪಿದೆ. ಅದೂ ಕ್ಯಾನ್ಸರ್ ಆಗಿರೋದು ತೀರಾ ಅಪರೂಪ. 10 ಮಿ.ಮೀ.ಗಿಂತ ಚಿಕ್ಕದು ಮೈಕ್ರೊ, ಉಳಿದದ್ದು ಮ್ಯಾಕ್ರೊ. ಕೆಲವು, ಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಜಾಸ್ತಿ ಸುರಿಸುತ್ತವೆ, ಹೆರದವರಿಗೂ ಹಾಲು ಬರುತ್ತೆ (ಗಿಣ್ಣಿನ ಪಂಡಿತರು ಗಮನಿಸಿ). ಅದಕ್ಕೆ ಮೊದಲು ಕ್ಯಾಬರ್ಗೋಲಿನ್ ಮಾತ್ರೆ, ಕತ್ತರಿಯಲ್ಲ. ಬೇರೆ ಬಗೆಯ ಗೆಡ್ಡೆ ಕಣ್ಣಿನ ನರ ಒತ್ತಿ, ಪಕ್ಕದಲ್ಲಿ ಬರೋ ಬೈಕೂ ಕಾಣದ ಹಾಗಾದರೆ, ಮೂಗಿನ ಮೂಲಕ ಆಪರೇಷನ್. ರಕ್ತದಲ್ಲಿ ಹಾರ್ಮೋನ್ ನೋಡಿ, ಎಂಆರ್‌ಐ ಮಾಡಿಸೋವರೆಗೆ ಯಾವುದು ಅಂತ ಡಾಕ್ಟರೇ ಹೇಳಲ್ಲ. ತಲೆಬರಹ ಯಾಕೆ ಹೇಳಬೇಕು? ‘ದೊಡ್ಡದಾಗಿದೆ’ ಅನ್ನಿ, ಸಾಕು.

ಕೋಲಾರದಿಂದ:
‘ದೊಡ್ಡದಾಗಿದೆ’ ಪದವಲ್ಲ, ವಾಕ್ಯ. ಪಿಟ್ಯುಟರಿ ಅಂತ ಹೊರಗಿನ ಪದಕ್ಕೆ ಹೀಗೆ ಕೈಚಾಚಿ ಚಾಚಿಯೇ ಕನ್ನಡ ಬಡವಾಗಿದ್ದು.

ಚಿಂತಾಮಣಿಯಿಂದ:
ನಿಮ್ಮೂರಿನ ಮಂಡಿಯಲ್ಲಿ ಟೊಮೆಟೊಗೆ ಅಚ್ಚಗನ್ನಡ ಹೆಸರಿಟ್ಟು ಹರಾಜು ಕೂಗಿ ಬನ್ನಿ. ಆಮೇಲೆ ಮಾತಾಡೋಣ.

ಕೋಲಾರದಿಂದ:
ಟೊಮೆಟೊ ಹೊರಗಿಂದ ಬಂತು, ಹೆಸರೂ ಬಂತು. ನಮ್ಮ ತಲೆಯೊಳಗೇ ಇರೋದಕ್ಕೂ ಹೊರಗಿನ ಹೆಸರಾ?

ತುಮಕೂರಿನಿಂದ:
ಇಬ್ಬರಿಗೂ ನಮಸ್ಕಾರ. ‘ಪಿಟ್ಯುಟರಿ ಗ್ರಂಥಿ ದೊಡ್ಡದಾಗಿದ್ದರೆ’ ಅಂತ ಕಳಿಸಿಬಿಟ್ಟೆ. ಒಳಗೆ ಅಡಿನೋಮ ಬಂದ ಕಡೆ ಮಾತ್ರ ಗೆಡ್ಡೆ. ಒಸರುಗಂಟು ಚೆನ್ನಾಗಿದೆ ಸಾರ್, ಆದರೆ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ರೋಗಿ ಅದನ್ನ ಎಲ್ಲಿ ಹುಡುಕಬೇಕು? ಈಗ ಪ್ರೆಸ್ಸಿನವರ ಫೋನ್ ಬಂದಿತ್ತು. ಪಿಟ್ಯುಟರಿನೋ, ಪಿಟ್ಯೂಟರಿನೋ ಅಂತ ಕೇಳುತ್ತಿದ್ದಾರೆ. ಅರ್ಧ ಗಂಟೆ ಟೈಮಿದೆ.